ಹಜ್ ದಾರಿಯ ಅಮೀರನಾಗಿ ಎರಡು ದಿನ

ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಕಿತ್ತಳೆ ಬಣ್ಣದ ಜಾಕೆಟ್ ಇದೆ. ರಸ್ತೆ ಕೆಲಸದವರು ಹಾಕಿಕೊಳ್ಳುವಂಥದ್ದು; ತೋಳಿಲ್ಲ, ಎದೆಯ ಮೇಲೆ ಎರಡು ಬೆಳ್ಳಿ ಪಟ್ಟಿ. ಇಷ್ಟು ವರ್ಷಗಳಲ್ಲಿ ಕಾರು ಮೂರು ಬದಲಾಯಿತು. ಜಾಕೆಟ್ ಮಾತ್ರ ಸರ್ಕಾರಿ ನೌಕರನ ಹಾಗೆ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ವರ್ಗವಾಗುತ್ತ ಬಂದಿದೆ. ಹೋದ ವಾರ ನನ್ನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಬಿನ್‌ಗೆ ಹಾಕ್ಲಾ?" ಎಂದಳು. ಆಮೇಲೆ ತಿರುಗಿಸಿ ನೋಡಿದಳು. ಬೆನ್ನಿನ ಮೇಲೆ ಕಪ್ಪು ಮಾರ್ಕರಿನಲ್ಲಿ, ದುಂಡಾದ ಕನ್ನಡ ಅಕ್ಷರಗಳಲ್ಲಿ 'ಅಮೀರ' ಎಂದು ಬರೆದಿತ್ತು.

"ಯಾರಿದು ಅಮೀರ?"

"ನಾನೇ."

ಅವಳು ನನ್ನ ಮುಖ ನೋಡಿದಳು, ನನ್ನ ಮೊಣಕಾಲ ಹತ್ತಿರ ಹರಿದ ಪ್ಯಾಂಟು ನೋಡಿದಳು, ಮತ್ತೆ ಅಕ್ಷರ ನೋಡಿದಳು. ಹಿಂದಿ ಬಲ್ಲವರಿಗೆ ಅಮೀರ ಎಂದರೆ ಸಾಹುಕಾರ. ಅವಳು ನಕ್ಕ ರೀತಿ ನನಗೆ ಸರಿಬರಲಿಲ್ಲ. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ಹಿಂದಿನ ಕಾಲದಲ್ಲಿ ಹಜ್ ಯಾತ್ರಿಕರು ಸಾವಿರಾರು ಒಂಟೆಗಳ ಕಾಫಿಲೆ ಕಟ್ಟಿಕೊಂಡು ಮರಳುಗಾಡು ದಾಟುತ್ತಿದ್ದರಂತೆ. ಆ ಕಾಫಿಲೆಯನ್ನು ಕ್ಷೇಮವಾಗಿ ಮುಟ್ಟಿಸಲು ಸುಲ್ತಾನರು ಒಬ್ಬ ದಂಡನಾಯಕನನ್ನು ನೇಮಿಸುತ್ತಿದ್ದರು. ಅವನಿಗೆ ಹಜ್ಜಿನ ಅಮೀರ ಎಂದು ಹೆಸರು. ಮೈಸೂರಿನ ರಘು ಎಂಬ ನಾನು, ಎರಡು ದಿನದ ಮಟ್ಟಿಗೆ, ಆ ಹುದ್ದೆಯಲ್ಲಿದ್ದೆ. ಮಧ್ಯೆ ಒಂದೆರಡು ಗಂಟೆ ಅಮಾನತಾಗಿದ್ದೆ, ಅದೂ ನಿಜ.

ನನಗೂ ಯಾತ್ರೆಗೂ ಚಿಕ್ಕಂದಿನಿಂದಲೇ ಆಗಿಬರುವುದಿಲ್ಲ. ವರ್ಷಕ್ಕೊಮ್ಮೆ ನಮ್ಮ ಮನೆಯವರು ಕೆಂಪು ಬಸ್ಸು ಹಿಡಿದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತಿದ್ದರು. ಅವರಿಗೆಲ್ಲ ಬೆಟ್ಟವೆಂದರೆ ರಂಗನಾಥ. ನನಗೆ ಬೆಟ್ಟವೆಂದರೆ ತಿರುವು. ಮೂರನೆಯ ತಿರುವಿನಲ್ಲಿ ನನ್ನ ಹೊಟ್ಟೆ ಮಾತಾಡಲು ಶುರುಮಾಡುತ್ತಿತ್ತು. ಐದನೆಯದರಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ಒಣ ನೆಲ್ಲಿಕಾಯಿ ಚೂರು ಬಾಯಿಗೆ ತುರುಕುತ್ತಿದ್ದಳು. ಏಳನೆಯದರಲ್ಲಿ ನೆಲ್ಲಿಕಾಯಿಯೂ ಸೇರಿದಂತೆ ಬೆಳಗಿನ ಪುಳಿಯೋಗರೆ ಕಿಟಕಿಯಿಂದ ಆಚೆ. ನನ್ನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ತೆರೆದಿಟ್ಟುಕೊಂಡ ಭಕ್ತರು ಮಾತ್ರ ದೇವರನ್ನು ಮನಸಾರೆ ನೆನೆಯುತ್ತಿದ್ದರು. ಗರ್ಭಗುಡಿಯ ಮುಂದೆ ನಿಂತು ಅಕ್ಕ ಒಳ್ಳೆಯ ಮಾರ್ಕ್ಸ್ ಬೇಡುತ್ತಿದ್ದಳು, ನಾನು ಇಳಿಯುವಾಗ ಡ್ರೈವರಿಗೆ ಒಳ್ಳೆಯ ಬುದ್ಧಿ ಕೊಡಪ್ಪ ಎಂದು ಬೇಡುತ್ತಿದ್ದೆ. ಅಂಥವನ ಕೈಗೆ ಯಾತ್ರಿಕರನ್ನು ಒಪ್ಪಿಸಿದವರು ಖೈರುನ್ನಿಸಾ ಟೀಚರ್.

ಇದು ಎರಡು ಸಾವಿರದ ಏಳರ ಮಾತು. ಆಗ ನಾನು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಇಮ್ರಾನನ ಮನೆಯ ಹಿಂದಿನ ಕೋಣೆಯಲ್ಲಿ ರೆಂಟಿಗಿದ್ದೆ. ಇಮ್ರಾನ್ ವಿಜಾಪುರದವನು. ನಾವಿಬ್ಬರೂ ಇಲ್ಲಿಗೆ ಓದಲು ಬಂದು, ಒಂದೇ ಪೆಟ್ರೋಲ್ ಬಂಕಿನಲ್ಲಿ ಪಾಳಿ ಹಂಚಿಕೊಂಡು, ಒಂದೇ ವರ್ಷ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದವರು. ಅವನಿಗೆ ಬಾಕ್ಸ್ ಹಿಲ್‌ನ ಒಂದು ಆಫೀಸಿನಲ್ಲಿ ಕೆಲಸವಿತ್ತು. ನನ್ನ ಕೆಲಸ ಕಾಂಟ್ರ್ಯಾಕ್ಟಿನದು, ಅಂದರೆ ಕೆಲವು ತಿಂಗಳು ಇರುತ್ತಿತ್ತು, ಕೆಲವು ತಿಂಗಳು ನಾನು ಹುಲ್ಲು ಕತ್ತರಿಸುತ್ತಿದ್ದೆ. ಟೀಚರ್ ಇಮ್ರಾನನ ತಾಯಿ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಬಂದಿದ್ದರು. ಮೊದಲ ದಿನ ನಾನು "ಆಂಟಿ" ಎಂದೆ.

"ಆಂಟಿ ಅನಬ್ಯಾಡಪಾ," ಎಂದರು. "ಆ ಹೆಸರಿಗೆ ಪೆನ್ಶನ್ ಬರೂದಿಲ್ಲ."

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಆಳು ಗಿಡ್ಡ, ದನಿ ಮಾತ್ರ ಕೊನೆಯ ಬೆಂಚಿನ ಲೆಕ್ಕದ್ದು. ಇತಿಹಾಸದ ಟೀಚರಾದರೂ ಅವರಿಗೆ ಯುದ್ಧಗಳಲ್ಲಿ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ಯುದ್ಧದ ಪಾಠ ಬಂದರೆ ಮಕ್ಕಳಿಗೆ "ನೀವs ಓದಕೊಳ್ರಿ, ಯಾರೋ ಗೆದ್ದಾರ" ಎಂದು ಪುಟ ತಿರುಗಿಸುತ್ತಿದ್ದರಂತೆ. ಅವರ ಜೀವವೆಲ್ಲ ಇದ್ದದ್ದು ರಸ್ತೆಗಳಲ್ಲಿ. ಅದರಲ್ಲೂ ಹಜ್ಜಿನ ರಸ್ತೆಗಳು. ಯಾವ ಸುಲ್ತಾನ ಎಲ್ಲಿ ಕೊಳ ತೋಡಿಸಿದ, ಯಾರು ನೀರಿನ ಪಕ್ಕ ಕೋಟೆ ಕಟ್ಟಿಸಿ ಕಾವಲಿಟ್ಟ, ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ನಮ್ಮ ಕಡೆಯ ಯಾತ್ರಿಕರು ಕೊಂಕಣದ ಯಾವ ಬಂದರಿಗೆ ಇಳಿದು ಹಡಗು ಹತ್ತುತ್ತಿದ್ದರು, ಎಲ್ಲವೂ ಬಾಯಿಪಾಠ. ರಾತ್ರಿಯ ಊಟವೆಂದರೆ ನಮಗೆ ಪಾಠವೇ. ಮೇಜಿನ ಈ ತುದಿ ಇರಾಕಿನ ಕೂಫಾ, ಆ ತುದಿ ಮೆಕ್ಕಾ. ನಡುವೆ ಉಳ್ಳಾಗಡ್ಡಿಯ ಚೂರುಗಳನ್ನು ಸಾಲಾಗಿ ಇಟ್ಟು, "ಬಾಗ್ದಾದಿನ ಖಲೀಫನ ರಾಣಿ ಜುಬೇದಾ, ನೋಡ್ರಿ, ತಾ ಹಜ್‌ಗೆ ಹೋದಾಗ ಮಂದಿ ನೀರಿಲ್ದ ಒದ್ದಾಡೂದು ಕಂಡ್ಲು. ಕಂಡು ಸುಮ್ಮ ಬರಲಿಲ್ಲ. ಇಲ್ಲಿಂದ ಅಲ್ಲೀ ತನಕ ಬಾವಿ, ಕೊಳ, ತಂಗೂ ಮನಿ..." ಎಂದು ಶುರುಮಾಡುತ್ತಿದ್ದರು. ಒಮ್ಮೆ ಇಮ್ರಾನ್ ಟಿವಿ ನೋಡುತ್ತ ಮೈಮರೆತು ಎರಡು ಬಾವಿ ತಿಂದುಬಿಟ್ಟ.

ಟೀಚರ್ ಮಾತು ನಿಲ್ಲಿಸಿದರು. "ಈಗ ಆ ಮಂದಿ ಏನ ಕುಡೀಬೇಕು?"

ಇಮ್ರಾನ್ ಎದ್ದು ಹೋಗಿ ಇನ್ನೊಂದು ಉಳ್ಳಾಗಡ್ಡಿ ಹೆಚ್ಚಿಕೊಂಡು ಬಂದ.

ಪಕ್ಕದ ಮನೆಯಲ್ಲಿ ಮಾರಿಯಾ ಎಂಬ ಗ್ರೀಕ್ ಅಜ್ಜಿ ಒಬ್ಬರೇ ಇದ್ದರು. ಯಾವಾಗಲೂ ಕಪ್ಪು ಉಡುಪು, ಕೈಯಲ್ಲಿ ಕತ್ತರಿ. ಅವರ ನಿಂಬೆ ಮರ ಅರ್ಧ ನಮ್ಮ ಕಡೆಗೇ ವಾಲಿತ್ತು. ಟೀಚರ ಇಂಗ್ಲಿಷ್ ಪಠ್ಯಪುಸ್ತಕದ್ದು, ಮಾರಿಯಾರ ಇಂಗ್ಲಿಷಿನಲ್ಲಿ ಕ್ರಿಯಾಪದಗಳೇ ಕಡಿಮೆ. ಆದರೂ ಇಬ್ಬರೂ ದಿನಾ ಬೇಲಿಯ ಎರಡೂ ಬದಿ ನಿಂತು ಅರ್ಧ ಗಂಟೆ ಮಾತಾಡುತ್ತಿದ್ದರು. ಆ ಕಡೆಯಿಂದ ನಿಂಬೆಹಣ್ಣು ಬರುತ್ತಿತ್ತು, ಈ ಕಡೆಯಿಂದ ಶೇಂಗಾ ಹೋಳಿಗೆ ಹೋಗುತ್ತಿತ್ತು.

ಆ ಸ್ನೇಹವನ್ನು ಮುರಿದವನು ನಾನು.

ಬೇಲಿಯ ಬುಡದಲ್ಲಿ ಟೀಚರ್ ಪುಂಡಿಪಲ್ಲೆ ಬೆಳೆಸಿದ್ದರು. ಉತ್ತರ ಕರ್ನಾಟಕದವರಿಗೆ ಈ ಹುಳಿ ಸೊಪ್ಪಿನ ಮಹತ್ವ ಹೇಳಬೇಕಿಲ್ಲ. ರೊಟ್ಟಿಗೆ ಅದಿಲ್ಲದಿದ್ದರೆ ಊಟ ಊಟವೇ ಅಲ್ಲ. ಆದರೆ ಮೈಸೂರಿನ ನನಗೆ ಅದರ ಮುಖಪರಿಚಯವಿರಲಿಲ್ಲ. ಆ ಬೇಸಿಗೆ ಮೆಲ್ಬರ್ನಿನಲ್ಲಿ ನೀರಿನ ಕಟ್ಟುಪಾಡು ಬೇರೆ. ಟೀಚರ್ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವನ್ನೂ ಬಕೆಟಿನಲ್ಲಿ ಕೂಡಿಸಿ ಗಿಡಕ್ಕೆ ಹೊರುತ್ತಿದ್ದರು; ಯಾವ ಗಿಡಕ್ಕೆಂದು ನಾನು ಗಮನಿಸಿರಲಿಲ್ಲ. ಫೆಬ್ರವರಿಯ ಒಂದು ಶನಿವಾರ ಇಮ್ರಾನ್ ನನಗೆ ಹಿತ್ತಲ ಹುಲ್ಲು ಕತ್ತರಿಸಲು ಹೇಳಿದ. ನಾನು ಮಷೀನು ಹಿಡಿದು ಹುಲ್ಲು ಮುಗಿಸಿದೆ. ಹುಮ್ಮಸ್ಸು ಉಳಿದಿತ್ತು. ಬೇಲಿಯ ಬುಡದಲ್ಲಿ ಮೊಣಕಾಲೆತ್ತರ, ಕೆಂಪು ಕಾಂಡದ ಕಳೆ ಬೆಳೆದು ನಿಂತದ್ದು ಕಂಡಿತು. ಅದನ್ನೂ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ ಬೋಳಿಸಿ, ಮಷೀನನ್ನು ಶೆಡ್ಡಿಗೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕೆಲಸವನ್ನು ನಾನೇ ಮೆಚ್ಚುತ್ತಿದ್ದಾಗ ಟೀಚರ್ ಬಕೆಟ್ ಹಿಡಿದು ಬಂದರು.

ಅವರು ಬಕೆಟ್ ಕೆಳಗಿಡಲಿಲ್ಲ. ನೀರು ಅಂಚಿನಿಂದ ತುಳುಕಿ ಚಪ್ಪಲಿಯ ಮೇಲೆ ಬೀಳುತ್ತಿತ್ತು.

"ಯಾರು ಮಾಡಿದ್ರಿದನ್ನ?" ಎಂದರು, ಬಹಳ ಮೆಲ್ಲಗೆ.

ಕೂಗಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ. ಆ ಮೆಲುದನಿಗೆ ಹೆದರಿ ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು: "ಮಾರಿಯಾ ಆ ಕಡೆಯಿಂದ ಬೇಲಿ ಕ್ಲೀನ್ ಮಾಡ್ತಿದ್ರು ಅನ್ಸತ್ತೆ, ಟೀಚರ್."

ಆ 'ಅನ್ಸತ್ತೆ' ಒಂದು ಇದ್ದುದರಿಂದ ಅದು ಪೂರ್ತಿ ಸುಳ್ಳಲ್ಲ ಎಂದು ಹತ್ತು ತಿಂಗಳು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಟೀಚರ್ ಜಗಳವಾಡಲಿಲ್ಲ, ಬೇಲಿಯ ಹತ್ತಿರ ಹೋಗುವುದನ್ನೇ ಬಿಟ್ಟರು. ಮಾರಿಯಾ ಬೇಲಿಯ ಮೇಲೆ ನಿಂಬೆಹಣ್ಣು ಇಡುತ್ತಲೇ ಇದ್ದರು. ಟೀಚರ್ ಮುಟ್ಟುತ್ತಿರಲಿಲ್ಲ. ಹಣ್ಣು ಅಲ್ಲೇ ಒಣಗುತ್ತಿತ್ತು. ಎರಡು ದಿನ ಬಿಟ್ಟು ಹೊಸ ಹಣ್ಣು ಬಂದು ಕೂರುತ್ತಿತ್ತು. ನಾನು ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೀಗಿರುವಾಗ ಟೀಚರ್ ಹಜ್ಜಿಗೆ ಹೋಗುವುದು ನಿಶ್ಚಯವಾಯಿತು. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಅವರ ತಮ್ಮ ಇದ್ದರು. ತಮ್ಮ, ತಮ್ಮನ ಹೆಂಡತಿ, ಟೀಚರ್, ಮೂವರೂ ಅಲ್ಲಿಂದ ಒಂದು ಗುಂಪಿನ ಜೊತೆ ಹೊರಡುವುದೆಂದು ಏರ್ಪಾಡು. ಇಮ್ರಾನ್ ಮೆಲ್ಬರ್ನಿನಿಂದ ಸಿಡ್ನಿಗೆ ಟಿಕೆಟ್ ಬುಕ್ ಮಾಡಲು ಕೂತಾಗ ಟೀಚರ್ ಬೇಡವೆಂದರು.

"ಮೂವತ್ತೆರಡು ವರ್ಷ ದಾರಿ ಕಲಿಸೀನಿ," ಎಂದರು. "ಖುರ್ಚಿ ಮ್ಯಾಲ ಕೂತು. ಒಂದು ದಾರೀನೂ ನೋಡಿಲ್ಲ. ಈಗೂ ಮೋಡದ ಮ್ಯಾಲ ಹಾರಿ ಹೋಗಿ ಇಳೀಲೇನು? ಸಿಡ್ನಿ ತನಕರೆ ನೆಲದ ಮ್ಯಾಲ ಹೋಗ್ತೀನಿ."

"ಅಮ್ಮಿ, ಒಂಬೈನೂರು ಕಿಲೋಮೀಟರ್ ಡ್ರೈವ್ ಅದ. ನಂಗ ಅಷ್ಟು ಲೀವ್ ಇಲ್ಲ," ಎಂದ ಇಮ್ರಾನ್.

"ರಘು ಖಾಲಿ ಅದಾನಲ್ಲ."

ರಘು ನಿಜವಾಗಿಯೂ ಖಾಲಿ ಇದ್ದ. ಎರಡು ದಿನದ ಪ್ರಯಾಣ, ನಡುವೆ ಗಂಡಗೈ ಎಂಬ ಊರಿನ ಮೋಟೆಲಿನಲ್ಲಿ ಒಂದು ತಂಗುದಾಣ, ಎರಡನೆಯ ಮಧ್ಯಾಹ್ನ ಬ್ಲ್ಯಾಕ್‌ಟೌನ್, ಸಂಜೆ ವಿಮಾನ ಎಂದು ತೀರ್ಮಾನವಾಯಿತು. ಇಮ್ರಾನ್ ಅಷ್ಟರೊಳಗೆ ಮೆಲ್ಬರ್ನಿನಿಂದ ಹಾರಿ ಬಂದು ಬೀಳ್ಕೊಡುವುದು. ಹೊರಡುವ ಬೆಳಿಗ್ಗೆ ಟೀಚರ್ ನನ್ನನ್ನು ಕರೆದು ಈ ಜಾಕೆಟ್ ಕೊಟ್ಟರು. ಸಂತೆಯಲ್ಲಿ ಕೊಂಡು ತಮ್ಮ ಕೈಯಾರೆ ಅಕ್ಷರ ಬರೆದಿದ್ದರು.

"ಅಮೀರ ಇಲ್ದ ಕಾಫಿಲಾ ಹೊರಡೂದಿಲ್ಲ. ನಿನ್ನ ಕೆಲಸ ಕೇಳು. ನೀರು ಇರೂ ಕಡೆ ನಿಲ್ಲಸೂದು. ಹಿಂದ ಉಳದವರನ್ನ ಬಿಟ್ಟು ಹೋಗಬಾರದು. ಕಳ್ಳರನ್ನ ದೂರ ಇಡೂದು."

ಕೊನೆಯ ಮಾತಿಗೆ ನಾನು ಜಾಕೆಟಿನ ಜಿಪ್ಪು ಹಾಕುವುದರಲ್ಲಿ ಮಗ್ನನಾದೆ. ಹೀಗೆ ಒಬ್ಬ ಯಾತ್ರಿಕಳು, ಒಬ್ಬ ಅಮೀರ, ಎರಡು ಸೂಟ್‌ಕೇಸು ಮತ್ತು ಎ.ಸಿ. ಕೆಟ್ಟ ನನ್ನ ಬಿಳಿ ಕಾರು ಇದ್ದ ಕಾಫಿಲೆ ಮೆಲ್ಬರ್ನ್ ಬಿಟ್ಟಿತು.

ನನಗೆ ಪ್ರಯಾಣವೆಂದರೆ ಮುಟ್ಟುವುದು. ಟೀಚರಿಗೆ ತಪಾಸಣೆ. ಹೆದ್ದಾರಿಯ ಪಕ್ಕ ಎಲ್ಲಿ ತಂಗುದಾಣದ ಬೋರ್ಡು ಕಂಡರೂ ಕಾರು ನಿಲ್ಲಬೇಕು. ಅವರು ಇಳಿದು, ನೆರಳು ನೋಡಿ, ಬೆಂಚನ್ನು ಅಲುಗಾಡಿಸಿ, ನಲ್ಲಿ ತಿರುಗಿಸಿ, ಶೌಚಾಲಯಕ್ಕೆ ಇಣುಕಿ, ಒಂದು ನೋಟ್‌ಬುಕ್ಕಿನಲ್ಲಿ ಷರಾ ಬರೆಯುತ್ತಿದ್ದರು. ಒಂದೆಡೆ ನಲ್ಲಿಯ ಮೇಲೆ 'ಈ ನೀರು ಕುಡಿಯಲು ಯೋಗ್ಯವಲ್ಲ' ಎಂದು ಬೋರ್ಡಿತ್ತು. ಟೀಚರ್ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಅಲ್ಲಪಾ, ಕುಡಿಯಾಕ ಬ್ಯಾಡಂದ್ರ ದಾರ್ಯಾಗ ನಲ್ಲಿ ಯಾಕ?"

"ಕೈ ತೊಳೆಯೋಕಿರಬೇಕು, ಟೀಚರ್."

"ರಾಣಿ ಜುಬೇದಾ ಕೈ ತೊಳೀರಿ ಅಂತ ಮರಳಾಗ ಬಾವಿ ತೋಡಿಸಿದ್ಲೇನು?" ಷರಾ ಉದ್ದವಾಗಿಯೇ ಇತ್ತು.

ಮುಂದಿನ ತಂಗುದಾಣದಲ್ಲಿ ಒಂದು ಪುಟ್ಟ ಡೇರೆ ಹಾಕಿಕೊಂಡು ಇಬ್ಬರು ಮುದುಕರು ದೂರ ಪ್ರಯಾಣದವರಿಗೆ ಬಿಟ್ಟಿ ಚಹಾ, ಬಿಸ್ಕತ್ತು ಕೊಡುತ್ತಿದ್ದರು. ಡ್ರೈವರುಗಳು ತೂಕಡಿಸದಿರಲಿ ಎಂದು ಊರಿನವರೇ ಮಾಡಿಕೊಂಡ ಏರ್ಪಾಡು. ಟೀಚರ್ ಬಟ್ಟಲು ಹಿಡಿದು ನಿಂತುಬಿಟ್ಟರು. ಮುಖ ಕೆಂಪಾಗಿತ್ತು. ಪುಸ್ತಕದಲ್ಲಿ ಕಲಿಸಿದ್ದು ಕಣ್ಣೆದುರು ಹಾಲು ಸಕ್ಕರೆ ಹಾಕಿಕೊಂಡು ನಿಂತಿದ್ದರೆ ಯಾರಿಗಾದರೂ ಹಾಗಾಗುತ್ತದೆ. ಅವರು ತಮ್ಮ ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಒಬ್ಬ ಮುದುಕನನ್ನು ಕೇಳಿದರು: ಸ್ವಾಮಿ, ತಮ್ಮನ್ನು ಇಲ್ಲಿ ನೇಮಿಸಿದ ದೊರೆ ಯಾರು?

ಮುದುಕ ಹ್ಯಾಟು ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ. ಪ್ರಾಮಾಣಿಕ ಮನುಷ್ಯ. ನೇಮಕಗೀಮಕ ಏನೂ ಇಲ್ಲಮ್ಮ, ಆದರೆ ದೊರೆ ಅಂತ ಕೇಳಿದರೆ ಕಾನೂನಿನ ಪ್ರಕಾರ ನಮ್ಮದು ರಾಣಿ ಎಂದ.

ಟೀಚರ್ ನನ್ನ ಕಡೆ ತಿರುಗಿದರು. "ರಾಣಿ ಅಂತ, ಕೇಳಿದೇನು? ನಾ ಹೇಳಲಿಲ್ಲ?"

ನೋಟ್‌ಬುಕ್ಕಿನ ಆ ಪುಟದಲ್ಲಿ ದೊಡ್ಡದೊಂದು ರೈಟು ಬಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ, ದೂರದಲ್ಲಿ ಕಂಡ ಒಂದು ನೀರಿನ ಟ್ಯಾಂಕು ಹತ್ತಿರದಿಂದ ನೋಡಬೇಕೆಂದು ಟೀಚರ್ ಹಟ ಹಿಡಿದದ್ದರಿಂದ ಹೆದ್ದಾರಿ ಬಿಟ್ಟು ಒಂದು ಸಣ್ಣ ರಸ್ತೆಗೆ ಇಳಿದೆವು. ಅಲ್ಲಿ ಒಬ್ಬ ರೈತ ಕುರಿಮಂದೆಯನ್ನು ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಿಸುವ ತಯಾರಿಯಲ್ಲಿದ್ದ. ನಾನು ಏನೆಂದು ನೋಡಲು ಕಾರಿನಿಂದ ಇಳಿದೆ. ಇಳಿಯುವಾಗ ಮೈಮೇಲೆ ಜಾಕೆಟ್ ಇತ್ತು. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೊನೆಗೂ ಒಬ್ಬನನ್ನು ಕಳಿಸಿದರಲ್ಲ ಎಂದು ಗೊಣಗಿ, ನನ್ನ ಕೈಗೊಂದು ಕೆಂಪು ಬಾವುಟ ಕೊಟ್ಟು ರಸ್ತೆಯ ತಿರುವಿಗೆ ಕಳಿಸಿಬಿಟ್ಟ. ಅದನ್ನು ತಿದ್ದುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಧೈರ್ಯ ಬರಲಿಲ್ಲ. ಇಪ್ಪತ್ತು ನಿಮಿಷ ನಾನು ಬಾವುಟ ಹಿಡಿದು ವಾಹನ ತಡೆದೆ. ಬಂದದ್ದು ಒಂದೇ ವಾಹನ. ಅದರ ಚಾಲಕ ಈ ರಸ್ತೆಗೆ ಟಾರು ಯಾವಾಗ ಹಾಕುತ್ತೀರಿ ಎಂದು ಕೇಳಿದ. ಮುಂದಿನ ವಾರ ಎಂದೆ. ಅಷ್ಟರಲ್ಲಿ ಮುಂದಿನ ಕುರಿಗೆ ಮನಸ್ಸು ಬದಲಾಗಿ ಅದು ನಮ್ಮ ಕಾರಿನ ಸುತ್ತ ತಿರುಗಿತು, ಹಿಂದಿನವೆಲ್ಲ ಹಾಗೆಯೇ ತಿರುಗಿದವು. ಕಾರಿನೊಳಗೆ ಕೂತಿದ್ದ ಟೀಚರ್ ಆ ಉಣ್ಣೆಯ ಹೊಳೆಯ ನಡುವೆ ಕತ್ತೆತ್ತಿ ಕೈಬೀಸುತ್ತಿದ್ದರು.

ಮಂದೆ ದಾಟಿದ ಮೇಲೆ ನಾನು ಬೆವರು ಒರೆಸಿಕೊಳ್ಳುತ್ತ ಬಂದು ಕೂತೆ.

"ಚೊಲೊ ಕಾವಲುಗಾರ ಆಗ್ತಿ ನೀ," ಎಂದರು ಟೀಚರ್ ಖುಷಿಯಿಂದ. "ಹಜ್ ದಾರಿ ಕಾಯಾಕ ಸುಲ್ತಾನರು ಯಾರನ್ನ ಇಡತಿದ್ರು ಹೇಳು?"

"ಸೈನಿಕರನ್ನ."

"ಸೈನಿಕರೂ ಹೌದು. ಆದ್ರ ಶಾಣ್ಯಾ ಸುಲ್ತಾನರು ಕಳ್ಳರನ್ನs ಕರೀತಿದ್ರು. ಮರಳಾಗ ಕಾಫಿಲಾ ಲೂಟಿ ಮಾಡೂ ಪಂಗಡದ ಮುಖ್ಯಸ್ಥರಿಗೆ ರೊಕ್ಕದ ಥೈಲಿ ಕಳಸೂದು, ಅಂಗಿ ತೊಡಸೂದು, ಇನ್ನ ಮ್ಯಾಲ ಈ ದಾರಿ ನಿಂದು, ನೀನs ಕಾಯಿ ಅನ್ನೂದು. ಕಳ್ಳ ಯಾರು ಅಂತ ಅವರಿಗೆ ಗೊತ್ತಿರತಿತ್ತಪಾ. ಗೊತ್ತಿದ್ದs ಅಂಗಿ ತೊಡಸತಿದ್ರು."

ನಾನು ಮೈಮೇಲಿನ ಜಾಕೆಟ್ ನೋಡಿಕೊಂಡೆ. ಅವರಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಖಚಿತವಾಯಿತು. ಗಂಡಗೈ ಮುಟ್ಟುವವರೆಗೂ ಕಣ್ಣನ್ನು ರಸ್ತೆಯಿಂದ ಎತ್ತಲಿಲ್ಲ. ಮೋಟೆಲಿನಲ್ಲಿ ನನ್ನ ಕೋಣೆಯ, ಎಮ್ಮೆಯ ಹಾಗೆ ನಿಧಾನಕ್ಕೆ ತಿರುಗುವ ಫ್ಯಾನಿನ ಕೆಳಗೆ ಬಿದ್ದುಕೊಂಡು, ನಾಳೆ ಬೆಳಿಗ್ಗೆ ಹೇಳಿಬಿಡಬೇಕು ಎಂದು ಏಳು ಸಲ ನಿರ್ಧಾರ ಮಾಡಿ, ಏಳು ಸಲ ವಾಪಸ್ ತೆಗೆದುಕೊಂಡೆ.

ನಿಜಕ್ಕೂ ಅವರಿಗೆ ಏನೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಟೀಚರ್ ಟೋಸ್ಟಿಗೆ ಬೆಣ್ಣೆ ಹಚ್ಚುತ್ತ, "ಹಜ್‌ಗೆ ಹೋಗೂ ಮುಂದ ಎಲ್ಲಾರ ಕಡೆ ಮಾಫಿ ಕೇಳಬೇಕು, ರಘು. ಮನಸ್ಸಿನ್ಯಾಗ ಗಂಟು ಇಟಗೊಂಡು ಅಲ್ಲಿ ನಿಂತ್ರ ಏನ ಬಂತು?" ಎಂದರು. ಒಂದು ತಿಂಗಳಿಂದ ವಿಜಾಪುರಕ್ಕೆ ಫೋನು ಹಚ್ಚಿ ಒಬ್ಬೊಬ್ಬರನ್ನೇ ಮುಗಿಸಿದ್ದರಂತೆ. ಭೂಪಟದ ಸ್ಟ್ಯಾಂಡಿಗಾಗಿ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಭೂಗೋಳದ ಮಾಸ್ತರರು ಮುಗಿದರು. ತಪ್ಪಿಲ್ಲದೆ ಕಿವಿ ಹಿಂಡಿಸಿಕೊಂಡ ಒಬ್ಬ ವಿದ್ಯಾರ್ಥಿ, ಈಗ ದೊಡ್ಡ ಸಾಹೇಬ, ಅವನೂ ಮುಗಿದ.

"ನಿನಗೂ ಏನರೆ ಅಂದಿದ್ರ ಮಾಫ್ ಮಾಡಪಾ."

"ಅಯ್ಯೋ, ನೀವೇನಂದಿದೀರಾ ಟೀಚರ್, ಬಿಡಿ."

"ಒಬ್ಬಾಕಿ ಉಳದಾಳ." ಅವರು ಚಾಕು ಕೆಳಗಿಟ್ಟರು. "ಮಾರಿಯಾ. ನಾಕು ಸಲ ಬೇಲಿ ತನಕ ಹೋಗಿ ಬಂದೆ. ತಪ್ಪು ಆಕಿದು, ನಾ ಯಾಕ ಕೇಳಲಿ ಅಂತ ಮನಸ್ಸು ಒಪ್ಪಲಿಲ್ಲ. ಈಗ ಇಷ್ಟು ದೂರ ಬಂದೀನಿ. ರಾತ್ರೆಲ್ಲಾ ನಿದ್ದಿ ಇಲ್ಲ."

ಪಕ್ಕದ ಟೇಬಲ್ಲಿನ ಲಾರಿ ಡ್ರೈವರ್ ಮೊಟ್ಟೆ ತಿನ್ನುತ್ತಿದ್ದ. ಅವನನ್ನೇ ನೋಡುತ್ತ ನಾನು ಹೇಳಿದೆ: "ಮಾರಿಯಾ ಅಲ್ಲ, ಟೀಚರ್. ನಾನು. ಕಳೆ ಅಂದ್ಕೊಂಡೆ."

ಟೀಚರ್ ತಟ್ಟೆ ಪಕ್ಕಕ್ಕೆ ಸರಿಸಿದರು.

"ಎಲ್ಲಾನೂ ನೀನs?"

"ಎಲ್ಲಾನೂ."

"ಬೀಜಕ್ಕ ಬಿಟ್ಟದ್ದೂ?"

ಬೀಜಕ್ಕೆ ಬಿಟ್ಟದ್ದು ಒಂದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ತಲೆಯಾಡಿಸಿದೆ.

ಟೀಚರ್ ಎದ್ದು ಹೋದರು. ನಾನು ಸೂಟ್‌ಕೇಸ್ ಹೊತ್ತು ಬಂದಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ನಿನ್ನೆಯೆಲ್ಲ ಮುಂದೆ ಕೂತಿದ್ದವರು. "ಜಾಕೀಟ ತಗಿ," ಎಂದರು. ತೆಗೆದು ಕೊಟ್ಟೆ. ಮಡಚಿ ಪಕ್ಕಕ್ಕಿಟ್ಟುಕೊಂಡರು. ಅಮೀರನ ಹುದ್ದೆ ಹೋಯಿತು, ಡ್ರೈವರಿನ ಹುದ್ದೆ ಉಳಿಯಿತು. ಎಪ್ಪತ್ತು ಕಿಲೋಮೀಟರು ಹೀಗೆ ಹೋದೆವು. ಮೂರು ತಂಗುದಾಣ ದಾಟಿದೆವು; ಒಂದಕ್ಕೂ ನಿಲ್ಲಿಸು ಎನ್ನಲಿಲ್ಲ. ಕನ್ನಡಿಯಲ್ಲಿ ಕದ್ದು ನೋಡಿದೆ. ಕಿಟಕಿಯ ಕಡೆ ಮುಖ ಮಾಡಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇವರು ಬಾಯಿ ಬಿಡದೆ ಹೀಗೇ ವಿಮಾನ ಹತ್ತಿಬಿಟ್ಟರೆ ಎಂಬ ಭಯಕ್ಕೆ ನಾನು ಕಾರಿನ ವೇಗ ಇಳಿಸಿದೆ.

"ಹತ್ತು ತಿಂಗಳು," ಎಂದರು ಕೊನೆಗೆ, ನನಗಲ್ಲ, ಕಿಟಕಿಗೆ. "ಆ ಮುದಕಿ ದಿನಾ ಹಣ್ಣು ಇಟ್ಲು. ನಾ ಒಂದರೆ ಮುಟ್ಟಿದ್ನೇನು?" ಆಮೇಲೆ ನನಗೆ: "ಗಾಡಿ ನಿಲ್ಲಸು. ಫೋನ್ ಹಚ್ಚು."

ಮುಂದಿನ ತಂಗುದಾಣದಲ್ಲಿ ಸಿಗ್ನಲ್ ಇರಲಿಲ್ಲ. ಬೆಂಚಿನ ಮೇಲೆ ಹತ್ತಿದರೆ ಒಂದು ಕಡ್ಡಿ, ಮೇಜಿನ ಮೇಲೆ ಹತ್ತಿ ಕೈ ಎತ್ತಿದರೆ ಎರಡು. ನಾನು ಮೇಜಿನ ಮೇಲೆ ನಿಂತು, ಸ್ಪೀಕರ್ ಹಾಕಿ, ಫೋನನ್ನು ಆಕಾಶಕ್ಕೆ ಹಿಡಿದೆ. ಇಮ್ರಾನ್ ಏರ್‌ಪೋರ್ಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಬೇಲಿಗೆ ಹೋಗಿ ಮಾರಿಯಾರನ್ನು ಕರೆ ಎಂದರು ಟೀಚರ್.

"ಅಮ್ಮಿ, ಫ್ಲೈಟ್ ಮಿಸ್ ಆಗ್ತದ."

"ಆಗಲಿ."

ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು, ಒಂದು ನಾಯಿ, ಆಮೇಲೆ ಮಾರಿಯಾರ ದನಿ ಬಹಳ ಜೋರಾಗಿ ಕೇಳಿಸಿತು. ದೂರದ ಫೋನಿಗೆ ದೂರದ ಲೆಕ್ಕದಲ್ಲೇ ಕೂಗಬೇಕೆಂದು ಅವರು ತಿಳಿದಿದ್ದರು. ಟೀಚರ್ ಸೆರಗು ಸರಿಮಾಡಿಕೊಂಡು, ಮೇಜಿನ ಮೇಲಿದ್ದ ನನ್ನತ್ತ ಮುಖವೆತ್ತಿ, ಶಾಲೆಯ ವಾರ್ಷಿಕೋತ್ಸವದ ದನಿಯಲ್ಲಿ ಹೇಳಿದರು: "ಮೇಡಮ್, ಐ ಹ್ಯಾವ್ ಡನ್ ಎ ಹಿಸ್ಟಾರಿಕಲ್ ಮಿಸ್ಟೇಕ್."

"ವಾಟ್?"

"ದ ಪ್ಲಾಂಟ್ಸ್. ನಾಟ್ ಯು. ರಘು."

"ರಘು, ಯೆಸ್," ಎಂದರು ಮಾರಿಯಾ. "ಐ ಸೀ. ಐ ನೋ ಸೇ."

ಅವರು ಕಂಡಿದ್ದರು. ಆ ಶನಿವಾರ ನಿಂಬೆ ಮರದ ಮರೆಯಲ್ಲಿ ನಿಂತು, ನಾನು ಮಷೀನು ಹಿಡಿದು ಹೆಮ್ಮೆಯಿಂದ ಸಾಲು ಸಾಲು ಬೋಳಿಸುವುದನ್ನು ಪೂರ್ತಿ ನೋಡಿದ್ದರು. ಹೇಳಿದರೆ ಹುಡುಗನನ್ನು ಮನೆಯಿಂದ ಓಡಿಸಿಯಾರು ಎಂದು ಹತ್ತು ತಿಂಗಳು ಬಾಯಿ ಮುಚ್ಚಿಕೊಂಡು, ಗೆಳತಿ ಗಿಡದ ದುಃಖದಲ್ಲಿದ್ದಾಳೆಂದುಕೊಂಡು ಹಣ್ಣು ಇಡುತ್ತಿದ್ದರು. ಅವರ ತುಂಡು ತುಂಡು ಇಂಗ್ಲಿಷಿನಲ್ಲಿ ಇಷ್ಟನ್ನು ಅರ್ಥಮಾಡಿಕೊಳ್ಳುವ ಹೊತ್ತಿಗೆ ನನ್ನ ಎತ್ತಿದ ಕೈ ಮರಗಟ್ಟಿತ್ತು. ಇಳಿಸುವ ಮುಖವಿರಲಿಲ್ಲ.

ಟೀಚರ್ ಕನ್ನಡಕ ತೆಗೆದು ಒರೆಸಿದರು. ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು. ಮಾರಿಯಾ ಗ್ರೀಕಿನಲ್ಲಿ ಏನೋ ಉದ್ದಕ್ಕೆ ಹೇಳಿ, ಕೊನೆಗೆ ಇಂಗ್ಲಿಷಿಗೆ ಬಂದು, ಅಲ್ಲಿ ನಿನ್ನ ದೇವರಿಗೆ ನನ್ನ ಮೊಣಕಾಲಿನ ವಿಷಯ ತಿಳಿಸು, ಎಡಗಾಲು, ಎಂದರು. ಟೀಚರ್ ನೋಟ್‌ಬುಕ್ ತೆರೆದು, 'ಮಾರಿಯಾ, ಮೊಣಕಾಲು, ಎಡ' ಎಂದು ಬರೆದುಕೊಂಡರು.

ಕಾರಿಗೆ ಹೋಗುವಾಗ ಅವರು ಮುಂದಿನ ಬಾಗಿಲು ತೆರೆದು ಕೂತರು. ಜಾಕೆಟ್ ನನ್ನ ಮಡಿಲಿಗೆ ಬಿತ್ತು.

"ಹಾಕ್ಕೊ," ಎಂದರು. "ಬ್ಯಾರೆ ಕಳ್ಳನ್ನ ಹುಡಕಾಕ ಈಗ ಟೈಮಿಲ್ಲ."

ಬ್ಲ್ಯಾಕ್‌ಟೌನ್ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಟೀಚರ ತಮ್ಮ ಅಂಗಳದಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ನಾಲ್ಕು ತುತ್ತು ಬಿರಿಯಾನಿ ನಿಂತೇ ತಿಂದು ಏರ್‌ಪೋರ್ಟಿಗೆ ಓಡಿದೆವು. ಇಮ್ರಾನ್ ತನ್ನ ವಿಮಾನ ತಪ್ಪಿಸಿಕೊಂಡು, ಸೀಟು ಸಿಕ್ಕ ಮುಂದಿನದಕ್ಕೆ ಬಂದಿದ್ದ. ತಾಯಿ ಒಳಗೆ ಹೋಗಲು ಹತ್ತು ನಿಮಿಷವಿರುವಾಗ ಏದುಸಿರು ಬಿಡುತ್ತ ಸೇರಿಕೊಂಡ. ಬಿಳಿ ಬಟ್ಟೆಯ ಗುಂಪಿನ ಕೊನೆಯಲ್ಲಿ ಟೀಚರ್ ನಡೆದು ಹೋದರು. ಕುಡಿಯುವ ನೀರಿನ ನಲ್ಲಿಯ ಹತ್ತಿರ ಒಮ್ಮೆ ನಿಂತು, ಗುಂಡಿ ಒತ್ತಿ, ನೀರು ಬಂದದ್ದು ನೋಡಿ ಮುಂದಕ್ಕೆ ಹೋದರು. ನಾನು ಕಿತ್ತಳೆ ಜಾಕೆಟಿನಲ್ಲಿ ನಿಂತು ಅತ್ತೆ. ಒಬ್ಬ ಪ್ರಯಾಣಿಕ ನನ್ನ ಹತ್ತಿರ ಬಂದು ಟ್ರಾಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ತೋರಿಸಿದೆ.

ನಲವತ್ತು ದಿನದ ಮೇಲೆ ಅವರು ಮೆಲ್ಬರ್ನಿಗೆ ಮರಳಿದರು, ಈ ಸಲ ವಿಮಾನದಲ್ಲೇ. ಮಾರಿಯಾ ಎಡಗಾಲು ಎಳೆದುಕೊಂಡೇ ಬಂದು ಬೇಲಿಯಾಚೆಯಿಂದ ಖರ್ಜೂರ ಈಸಿಕೊಂಡರು. ಕಾಲು ಸ್ವಲ್ಪವೂ ಸುಧಾರಿಸಿರಲಿಲ್ಲ, ಆದರೆ ದೇವರಿಗೆ ಹೇಳಿದೆಯಾ ಎಂದು ಕೇಳಿ, ಹೇಳಿದೆ ಎಂದ ಮೇಲೆ ಸಮಾಧಾನವಾದರು. ಮನೆ ತುಂಬ ಜನ, ಎಲ್ಲರೂ ಕಾಬಾದ ಬಗ್ಗೆ, ಜನಸಂದಣಿಯ ಬಗ್ಗೆ ಕೇಳುವವರೇ. ನನಗೆ ಬೇಕಾದದ್ದು ಬೇರೆ. ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಹೋಗಿ ಕೇಳಿದೆ:

"ಟೀಚರ್, ವಿಮಾನ ಇಳಿದ ಮೇಲೆ ಜಿದ್ದಾದಿಂದ ಮೆಕ್ಕಾಕ್ಕೆ ಹೋಗೋ ದಾರಿ ಹೇಗಿತ್ತು? ಮೂವತ್ತೆರಡು ವರ್ಷ ಪಾಠ ಮಾಡಿದೀರಲ್ಲ."

ಟೀಚರ್ ಬಾಗಿಲ ಕಡೆ ನೋಡಿದರು. ಇಮ್ರಾನ್ ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಯಾರಿಗೂ ಹೇಳಬ್ಯಾಡ. ಎ.ಸಿ. ಬಸ್ಸು, ಮೆತ್ತನ ಸೀಟು. ಕೂತೆ. ಕಣ್ಣು ತೆರದಾಗ ಮೆಕ್ಕಾ ಬಂದಿತ್ತು."

"ಇಡೀ ದಾರಿ ನಿದ್ದೆ ಮಾಡಿದ್ರಾ?"

"ಒಂದು ಬೋರ್ಡ್ ಸೈತ ನೋಡಿಲ್ಲ." ಅವರಿಗೆ ನಾಚಿಕೆಯಾಗಿತ್ತು. ಸ್ವಲ್ಪ ಹೊತ್ತು ತಟ್ಟೆ ಒರೆಸುತ್ತ ನಿಂತರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಟೀಚರ್ ಮರಳಿ ಬಂದರು.

"ಅಲ್ಲಪಾ," ಎಂದರು, "ಆ ರಾಣಿ, ಆ ಸುಲ್ತಾನರು ಅಷ್ಟೆಲ್ಲಾ ಬಡಕೊಂಡಿದ್ದು ಮತ್ಯಾತಕ್ಕ? ಯಾರೋ ಒಬ್ಬ ಮುದಕಿ ಭಯ ಇಲ್ದ ನಿದ್ದಿ ಮಾಡಕೋತ ಹೋಗಲಿ ಅಂತs ಅಲ್ಲೇನು?"